ಸ್ವಂತ ವೆಬ್ ಹೋಸ್ಟಿಂಗ್ ವ್ಯವಹಾರ: ಯಾರಿಗೆ ಒಗ್ಗುತ್ತದೆ, ಹೇಗೆ ಶುರು ಮಾಡಬೇಕು

ಊರಿನ ಶಾಲೆಗೋ ಲಾಡ್ಜಿಗೋ ಸಹಕಾರ ಸಂಘಕ್ಕೋ ವೆಬ್‌ಸೈಟ್ ಮಾಡಿಕೊಡುವವರು ಒಂದಲ್ಲ ಒಂದು ದಿನ ಹೋಸ್ಟಿಂಗ್ (ಸದಾ ಚಾಲೂ ಇರುವ ಕಂಪ್ಯೂಟರಿನಲ್ಲಿ, ಅಂದರೆ ಸರ್ವರ್‌ನಲ್ಲಿ, ಸೈಟ್‌ಗೆ ಜಾಗ ಕೊಡುವುದು) ಬಗ್ಗೆ ಯೋಚಿಸಿಯೇ ಯೋಚಿಸುತ್ತಾರೆ. ಸೈಟ್ ಮಾಡಿಕೊಟ್ಟದ್ದಕ್ಕೆ ಹಣ ಬರುವುದು ಒಂದೇ ಸಲ. ಸೈಟ್ ಬಿದ್ದಾಗ ಫೋನ್ ಬರುವುದು ಪ್ರತಿ ಸಲ. ಸರ್ವರ್ ಯಾರದೋ, ಪಾಸ್‌ವರ್ಡ್ ಯಾರ ಬಳಿಯೋ, ಬೈಸಿಕೊಳ್ಳುವವರು ಮಾತ್ರ ನೀವು. ಹೇಗೂ ಹೊಣೆ ತಲೆಗೆ ಬರುತ್ತದಲ್ಲ, ಅದಕ್ಕೆ ವರ್ಷಕ್ಕಿಷ್ಟು ಎಂದು ಬೆಲೆ ಕಟ್ಟಿಬಿಡೋಣ ಎಂದು ಹೊರಟವರಿಗೆ ಈ ವ್ಯವಹಾರ ಒಗ್ಗುತ್ತದೆ.

ಇನ್ನೂ ಕೆಲವು ಒಳ್ಳೆಯ ಕಾರಣಗಳಿವೆ. ಅಗ್ಗದ ಹೋಸ್ಟಿಂಗ್‌ನಲ್ಲಿ ಗ್ರಾಹಕರ ಸೈಟ್ ಪದೇ ಪದೇ ನಿಧಾನವಾಗುತ್ತಿರುತ್ತದೆ, ಯಾಕೆಂದು ನೋಡಲು ಲಾಗ್ (ಸರ್ವರ್‌ನ ದಿನಚರಿ) ಕೂಡ ಸಿಗುವುದಿಲ್ಲ. ಮೂವತ್ತು ಸೈಟ್‌ಗಳು ಏಳೆಂಟು ಕಂಪನಿಗಳಲ್ಲಿ ಹರಡಿಕೊಂಡು, ಯಾವುದರ ರಿನ್ಯೂವಲ್ ಯಾವಾಗ ಎಂಬುದೇ ನೆನಪಿರುವುದಿಲ್ಲ. ಇಂಥ ತೊಂದರೆಗಳಿಗೆ ಸ್ವಂತ ಹೋಸ್ಟಿಂಗ್ ಉತ್ತರವಾಗಬಹುದು.

‘ಒಮ್ಮೆ ಸೆಟಪ್ ಮಾಡಿಟ್ಟರೆ ಮಲಗಿದ್ದಾಗಲೂ ಹಣ ಬರುತ್ತದೆ’ ಎಂಬುದು ಕೆಟ್ಟ ಕಾರಣ. ಜಾಹೀರಾತು ಹಾಕಿ ಅಪರಿಚಿತ ಗ್ರಾಹಕರನ್ನು ಹಿಡಿಯುತ್ತೇನೆ ಎಂದು ಹೊರಟರೆ, ತಿಂಗಳಿಗೆ ನೂರಿನ್ನೂರು ರೂಪಾಯಿಗೆ ಜಾಗ ಮಾರುವ ದೊಡ್ಡ ಕಂಪನಿಗಳ ಎದುರು ನಿಲ್ಲಬೇಕಾಗುತ್ತದೆ. ಬೆಲೆಯಲ್ಲಿ ಅವರನ್ನು ಗೆಲ್ಲಲು ಆಗದು. ಸಣ್ಣ ಹೋಸ್ಟ್ ಮಾರುವ ಸರಕು ಡಿಸ್ಕ್ ಜಾಗವಲ್ಲ: ಕನ್ನಡದಲ್ಲಿ ಫೋನ್ ಎತ್ತಿ, ಸೈಟ್ ನೋಡಿ, ಸರಿಮಾಡಿಕೊಡುವ ಕೆಲಸ. ಕೈಯಲ್ಲಿ ಈಗಾಗಲೇ ಹತ್ತು ಗ್ರಾಹಕರಾದರೂ ಇಲ್ಲದಿದ್ದರೆ ಸದ್ಯಕ್ಕೆ ಶುರು ಮಾಡುವುದು ಬೇಡ.

ಮೊದಲು ಲೆಕ್ಕ

ಕೆಳಗಿನ ಬೆಲೆಗಳು ಊಹೆಯವು, ಜಿಎಸ್‌ಟಿ ಬಿಟ್ಟು ಹಾಕಿದವು. ನಿಮ್ಮ ಬೆಲೆ ಹಾಕಿ ಮತ್ತೆ ಲೆಕ್ಕ ಮಾಡಿ. ಲೆಕ್ಕದ ರೀತಿ ಮಾತ್ರ ಇದೇ.

ಗ್ರಾಹಕರಿಗೆ ವರ್ಷಕ್ಕೆ ₹3,600 ಹಾಕುತ್ತೀರಿ, ಡೊಮೇನ್ (ಸೈಟಿನ ಹೆಸರು) ಬೇರೆ. ಸ್ವಂತ ವಿಪಿಎಸ್ (ದೊಡ್ಡ ಸರ್ವರ್‌ನಲ್ಲಿ ನಿಮಗೇ ಮೀಸಲಾದ ಭಾಗ; 4 ಕೋರ್, 8 ಜಿಬಿ ರ‍್ಯಾಮ್) ತಿಂಗಳಿಗೆ ₹2,500, ಕಂಟ್ರೋಲ್ ಪ್ಯಾನೆಲ್ (ಖಾತೆಗಳನ್ನು ನಡೆಸುವ ತಂತ್ರಾಂಶ) ಲೈಸೆನ್ಸ್ ₹2,500, ಬೇರೆ ಕಡೆ ಬ್ಯಾಕಪ್ ಜಾಗಕ್ಕೆ ₹500, ಬಿಲ್ಲಿಂಗ್ ಮತ್ತು ಮಾನಿಟರಿಂಗ್‌ಗೆ ₹1,500. ತಿಂಗಳಿಗೆ ₹7,000, ವರ್ಷಕ್ಕೆ ₹84,000. ಪೇಮೆಂಟ್ ಗೇಟ್‌ವೇ ಶೇ 2, ಅದರ ಮೇಲೆ ಜಿಎಸ್‌ಟಿ ಸೇರಿ ಶೇ 2.36 ಹಿಡಿದರೆ ಒಬ್ಬ ಗ್ರಾಹಕರಿಂದ ಕೈಗೆ ಬರುವುದು ಸುಮಾರು ₹3,515. ಅಂದರೆ 24ನೇ ಗ್ರಾಹಕರು ಬರುವವರೆಗೆ ನಷ್ಟ. 40 ಗ್ರಾಹಕರಿದ್ದರೆ ವರ್ಷಕ್ಕೆ ಸುಮಾರು ₹56,600 ಉಳಿಯುತ್ತದೆ. ಒಬ್ಬೊಬ್ಬರಿಗೆ ವರ್ಷಕ್ಕೆ ಮೂರು ಗಂಟೆ ಸಪೋರ್ಟ್ ಎಂದರೆ 120 ಗಂಟೆ. ಗಂಟೆಗೆ ₹470 ಬಿತ್ತು. ಅದೇ ಮೂರು ಗಂಟೆ ಆರಾದರೆ ₹235. ಲಾಭವನ್ನು ತಿನ್ನುವುದು ಸರ್ವರ್ ಬಾಡಿಗೆಯಲ್ಲ, ಫೋನ್ ಕರೆ. ಆದ್ದರಿಂದ ಯಾವ ಕೆಲಸ ಹೋಸ್ಟಿಂಗ್ ಶುಲ್ಕದಲ್ಲಿ ಸೇರಿದೆ, ಯಾವುದಕ್ಕೆ ಬೇರೆ ಹಣ (ಫೋಟೊ ಬದಲಿಸುವುದು, ಹೊಸ ಪುಟ, ಪ್ಲಗಿನ್ ರಿಪೇರಿ) ಎಂಬುದನ್ನು ಮೊದಲ ದಿನವೇ ಬರೆದುಕೊಡಬೇಕು.

ವಿಪಿಎಸ್ ಬದಲು ತಿಂಗಳಿಗೆ ₹1,200ರ ರೀಸೆಲ್ಲರ್ (ಮರುಮಾರಾಟದ) ಪ್ಲಾನ್ ತೆಗೆದುಕೊಂಡರೆ ವರ್ಷಕ್ಕೆ ₹14,400. ಐದನೇ ಗ್ರಾಹಕರಿಗೇ ಹಾಕಿದ ಖರ್ಚು ವಾಪಸಾಗುತ್ತದೆ. ಶುರು ಮಾಡಬೇಕಾದ್ದು ಇಲ್ಲಿಂದಲೇ.

ಹಂತ 1: ರೀಸೆಲ್ಲರ್ ಪ್ಲಾನ್ ಆರಿಸುವುದು

ರೀಸೆಲ್ಲರ್ ಎಂದರೆ ದೊಡ್ಡ ಕಂಪನಿಯ ಸರ್ವರ್‌ನಲ್ಲಿ ಒಂದು ಪಾಲು. ಕಂಟ್ರೋಲ್ ಪ್ಯಾನೆಲ್ ಸಿಪ್ಯಾನೆಲ್ ಆದರೆ ಡಬ್ಲ್ಯುಎಚ್ಎಂ ಎಂಬ ಮೇಲಿನ ಪರದೆಯಿಂದ ನೀವು ಒಂದೊಂದು ಗ್ರಾಹಕರಿಗೂ ಬೇರೆ ಖಾತೆ ತೆರೆಯುತ್ತೀರಿ. ಆಪರೇಟಿಂಗ್ ಸಿಸ್ಟಂ ಅಪ್‌ಡೇಟ್, ಹಾರ್ಡ್‌ವೇರ್ ಕಾಟ ಅವರದು.

ದುಡ್ಡು ಕೊಡುವ ಮುಂಚೆ ಇಷ್ಟನ್ನು ಬರಹದಲ್ಲಿ ಕೇಳಿ: ಒಂದು ಖಾತೆಗೆ ಸಿಪಿಯು, ಮೆಮೊರಿ, ಎಂಟ್ರಿ ಪ್ರೊಸೆಸ್ (ಏಕಕಾಲಕ್ಕೆ ನಡೆಯುವ ಪುಟ ಕೋರಿಕೆಗಳು), ಐನೋಡ್ (ಫೈಲುಗಳ ಎಣಿಕೆ) ಮಿತಿ ಎಷ್ಟು? ನಿಮ್ಮದೇ ಹೆಸರಿನ ನೇಮ್‌ಸರ್ವರ್ (ಡೊಮೇನ್ ಯಾವ ಸರ್ವರ್‌ನಲ್ಲಿದೆ ಎಂದು ಹೇಳುವ ಯಂತ್ರ) ಇಟ್ಟುಕೊಳ್ಳಬಹುದೇ? ಬ್ಯಾಕಪ್‌ನಿಂದ ಸೈಟನ್ನು ನೀವೇ ಮರಳಿ ತರಬಹುದೇ, ಪ್ರತಿ ಸಲ ಟಿಕೆಟ್ (ಸಹಾಯದ ಕೋರಿಕೆ) ಹಾಕಬೇಕೇ? ಪೂರ್ಣ ಬ್ಯಾಕಪ್ ಇಳಿಸಿಕೊಳ್ಳಲು ಬಿಡುತ್ತಾರೆಯೇ? ಗಂಟೆಗೆ ಎಷ್ಟು ಮೇಲ್ ಹೋಗಬಹುದು? ಪೂರ್ಣ ಬ್ಯಾಕಪ್ ಇಳಿಸಲು ಬಿಡದ ಕಂಪನಿಯ ಕಡೆ ತಲೆ ಹಾಕಬೇಡಿ. ಅಲ್ಲಿಂದ ಹೊರಬರುವ ದಿನ ಒಂದೊಂದು ಸೈಟನ್ನೂ ಕೈಯಲ್ಲಿ ಕೀಳಬೇಕಾಗುತ್ತದೆ. ಒಂದು ತಿಂಗಳ ಪ್ಲಾನ್ ಮಾತ್ರ ಕೊಂಡು, ಭಾನುವಾರ ರಾತ್ರಿ ಹನ್ನೊಂದಕ್ಕೆ ಒಂದು ಟಿಕೆಟ್ ಹಾಕಿ ನೋಡಿ. ಉತ್ತರ ಎಷ್ಟು ಹೊತ್ತಿಗೆ ಬಂತು, ಓದಿ ಬರೆದದ್ದೋ ಅಂಟಿಸಿದ್ದೋ ಎಂಬುದರಲ್ಲಿ ಆ ಕಂಪನಿಯ ಜಾತಕವೇ ಇರುತ್ತದೆ.

ಕೊಂಡ ತಕ್ಷಣ ನಿಮ್ಮ ಡೊಮೇನ್‌ನ ಕೆಳಗೆ ಎನ್ಎಸ್1, ಎನ್ಎಸ್2 ಎಂದು ಎರಡು ನೇಮ್‌ಸರ್ವರ್ ಮಾಡಿ, ರಿಜಿಸ್ಟ್ರಾರ್ (ಡೊಮೇನ್ ಮಾರಿದ ಕಂಪನಿ) ಬಳಿ ಅವುಗಳ ಐಪಿ ವಿಳಾಸ (ಗ್ಲೂ ರೆಕಾರ್ಡ್) ನೋಂದಾಯಿಸಿ. ಗ್ಲೂ ರೆಕಾರ್ಡ್ ಮರೆತರೆ ಗ್ರಾಹಕರ ಸೈಟ್ ತೆರೆಯುವುದೇ ಇಲ್ಲ. ಸ್ವಂತ ನೇಮ್‌ಸರ್ವರ್‌ನ ಲಾಭ ಮುಂದೆ ಗೊತ್ತಾಗುತ್ತದೆ: ಕಂಪನಿ ಬದಲಿಸುವಾಗ ನಲವತ್ತು ಗ್ರಾಹಕರ ಡೊಮೇನ್ ಮುಟ್ಟಬೇಕಿಲ್ಲ, ಎರಡು ಐಪಿ ಬದಲಿಸಿದರೆ ಆಯಿತು.

ಪ್ಯಾಕೇಜ್ ಎರಡೋ ಮೂರೋ ಸಾಕು. ‘ಅನ್‌ಲಿಮಿಟೆಡ್’ ಎಂದು ಬರೆಯಬೇಡಿ. ಬರೆದವರೂ ಕೊನೆಗೆ ಐನೋಡ್ ಮಿತಿಯಲ್ಲಿ ಕಟ್ಟಿಹಾಕುತ್ತಾರೆ. ಪ್ಲಗಿನ್, ಥೀಮ್, ಒಂದೇ ಫೋಟೊದ ನಾಲ್ಕೈದು ಅಳತೆಗಳು ಸೇರಿ ವರ್ಡ್‌ಪ್ರೆಸ್ ಸೈಟ್ ಸುಲಭವಾಗಿ ಇಪ್ಪತ್ತು ಸಾವಿರ ಫೈಲ್ ದಾಟುತ್ತದೆ. ಸರ್ವರ್‌ನಲ್ಲೇ ಉಳಿಯುವ ಮೇಲ್ ಒಂದೊಂದೂ ಒಂದು ಫೈಲ್. 5 ಜಿಬಿ ಡಿಸ್ಕ್, ಒಂದು ಸೈಟ್, ಒಂದೂವರೆ ಲಕ್ಷ ಐನೋಡ್ ಎಂದು ಸ್ಪಷ್ಟವಾಗಿ ಹೇಳಿದರೆ ಮುಂದೆ ಜಗಳವಿಲ್ಲ. ಅಪ್‌ಟೈಮ್ (ಸೈಟ್ ನಿಲ್ಲದೆ ನಡೆಯುವ ಹೊತ್ತು) ಭರವಸೆಯೂ ಹಾಗೆಯೇ. 99.9 ಶೇಕಡ ಎಂದರೆ 30 ದಿನದ ತಿಂಗಳಲ್ಲಿ 43 ನಿಮಿಷ ನಿಲ್ಲಬಹುದು, 99.99 ಎಂದರೆ ನಾಲ್ಕೇ ನಿಮಿಷ ಚಿಲ್ಲರೆ. ಒಂದೇ ಸರ್ವರ್ ಇಟ್ಟುಕೊಂಡವರು ಎರಡನೆಯದರ ಮಾತೆತ್ತಬಾರದು.

ಹಂತ 2: ಡೊಮೇನ್ ಗ್ರಾಹಕರ ಹೆಸರಲ್ಲೇ ಇರಲಿ

ಸುಲಭ ಎಂದು ಎಲ್ಲ ಡೊಮೇನ್‌ಗಳನ್ನೂ ನಿಮ್ಮ ಹೆಸರಿಗೆ ಮಾಡಿಕೊಂಡರೆ ಮುಂದೆ ಪೊಲೀಸ್ ಠಾಣೆಯವರೆಗೂ ಹೋಗುವ ಜಗಳಕ್ಕೆ ನೀವೇ ಬೀಜ ಹಾಕಿದಂತೆ. ರಿಜಿಸ್ಟ್ರೆಂಟ್ (ಮಾಲೀಕರ) ಜಾಗದಲ್ಲಿ ಗ್ರಾಹಕರ ಹೆಸರು, ಅವರ ಇಮೇಲ್; ಟೆಕ್ನಿಕಲ್ ಸಂಪರ್ಕದಲ್ಲಿ ಮಾತ್ರ ನೀವು. ಶಾಲೆ, ಸಂಘಗಳಲ್ಲಿ ಇನ್ನೊಂದು ಎಚ್ಚರ ಬೇಕು: ಮುಖ್ಯೋಪಾಧ್ಯಾಯರ ಅಥವಾ ಕಾರ್ಯದರ್ಶಿಯ ಖಾಸಗಿ ಇಮೇಲ್ ಕೊಟ್ಟಿದ್ದರೆ, ಅವರು ವರ್ಗವಾದ ಮೇಲೆ ಡೊಮೇನ್‌ನ ಬೀಗದ ಕೈಯೂ ಅವರ ಜೊತೆ ಹೋಗುತ್ತದೆ. ಸಂಸ್ಥೆಯ ಹೆಸರಲ್ಲೇ ಒಂದು ಇಮೇಲ್ ಮಾಡಿಸಿ. ಆ ಇಮೇಲ್ ಅದೇ ಡೊಮೇನ್‌ನದ್ದಾಗಿರಬಾರದು. ಡೊಮೇನ್ ಅವಧಿ ಮುಗಿದರೆ ಎಚ್ಚರಿಕೆಯ ಮೇಲ್ ತಲುಪುವ ದಾರಿಯೂ ಮುಚ್ಚುತ್ತದೆ.

.ಕಾಮ್ ಥರದ ಡೊಮೇನ್ ನೋಂದಾಯಿಸಿದ ಮೇಲೆ ಇಮೇಲ್ ದೃಢೀಕರಣದ ಕೊಂಡಿ ಬರುತ್ತದೆ. 15 ದಿನದೊಳಗೆ ಒತ್ತದಿದ್ದರೆ ಡೊಮೇನ್ ಅಮಾನತಾಗುತ್ತದೆ. ‘ಹೊಸ ಸೈಟ್ ಎರಡು ವಾರ ಚೆನ್ನಾಗಿತ್ತು, ಈಗ ತೆರೆಯುತ್ತಿಲ್ಲ’ ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಿ. ಅವಧಿ ಮುಗಿದ .ಕಾಮ್ ಡೊಮೇನನ್ನು ಮಾಮೂಲಿ ಬೆಲೆಗೆ ಬಿಡಿಸಿಕೊಳ್ಳಲು ಸಾಮಾನ್ಯವಾಗಿ ಕೆಲ ವಾರ ಇರುತ್ತದೆ. ಆಮೇಲಿನ 30 ದಿನದ ರಿಡೆಂಪ್ಷನ್ ಅವಧಿಯಲ್ಲಿ ಹಲವು ಪಟ್ಟು ದಂಡ. ಆಮೇಲೆ 5 ದಿನಕ್ಕೆ ಅಳಿಸಿಹೋಗುತ್ತದೆ. 60, 30, 15, 7, 1 ದಿನ ಮುಂಚೆ ವಾಟ್ಸಾಪ್‌ನಲ್ಲಿ ನೆನಪಿಸಿ. ಮೇಲ್ ಯಾರೂ ಓದುವುದಿಲ್ಲ.

ಹಂತ 3: ಹಳೆಯ ಜಾಗದಿಂದ ಸೈಟ್ ತರುವುದು

ಹೆಚ್ಚು ಅನಾಹುತ ಆಗುವುದು ಇಲ್ಲೇ. ಕ್ರಮ ಹೀಗಿರಲಿ. ಎರಡು ದಿನ ಮುಂಚೆ ಹಳೆಯ ಡಿಎನ್ಎಸ್‌ನಲ್ಲಿ (ಡೊಮೇನ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ದಾಖಲೆ) ಟಿಟಿಎಲ್ (ಆ ವಿಳಾಸವನ್ನು ಇತರರು ನೆನಪಿಡುವ ಅವಧಿ) ಅನ್ನು 300 ಸೆಕೆಂಡಿಗೆ ಇಳಿಸಿ. ಹಳೆಯ ಡಿಎನ್ಎಸ್‌ನ ಪ್ರತಿಯೊಂದು ಸಾಲನ್ನೂ ಬರೆದಿಟ್ಟುಕೊಳ್ಳಿ, ಸ್ಕ್ರೀನ್‌ಶಾಟ್ ಕೂಡ ಇರಲಿ. ಫೈಲ್ ಮತ್ತು ಡೇಟಾಬೇಸ್ ಹೊಸ ಜಾಗಕ್ಕೆ ತನ್ನಿ. ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ ಆ ಡೊಮೇನ್‌ಗೆ ಹೊಸ ಐಪಿ ಬರೆದು, ಲೋಕಕ್ಕೆ ಗೊತ್ತಾಗುವ ಮುಂಚೆ ಸೈಟನ್ನು ಪೂರ್ತಿ ತಿರುಗಾಡಿ ನೋಡಿ: ಫಾರ್ಮ್, ಲಾಗಿನ್, ಫೋಟೊ ಗ್ಯಾಲರಿ. ಆಮೇಲೆ ಡಿಎನ್ಎಸ್ ಬದಲಿಸಿ. ಮೇಲ್ ಕೂಡ ತರುವುದಿದ್ದರೆ ಐಮ್ಯಾಪ್‌ಸಿಂಕ್‌ನಂಥ ಸಾಧನದಿಂದ ಡಿಎನ್ಎಸ್ ಬದಲಿಸುವ ಮುಂಚೆ ಒಮ್ಮೆ, ಬದಲಿಸಿದ ಮಾರನೇ ದಿನ ಇನ್ನೊಮ್ಮೆ ಓಡಿಸಿ. ನಡುವೆ ಹಳೆಯ ಜಾಗಕ್ಕೆ ಬಂದ ಪತ್ರಗಳೂ ಸಿಗುತ್ತವೆ. ಹಳೆಯ ಖಾತೆಯನ್ನು ಎರಡು ವಾರವಾದರೂ ಮುಚ್ಚಬೇಡಿ.

ಹೊಸಬರು ಪದೇ ಪದೇ ಬೀಳುವ ಗುಂಡಿ ಇದು: ಗ್ರಾಹಕರ ಮೇಲ್ ಗೂಗಲ್‌ನಲ್ಲೋ ಜೋಹೊದಲ್ಲೋ ಇರುತ್ತದೆ. ನೀವು ನೇಮ್‌ಸರ್ವರ್ ಬದಲಿಸಿದಿರಿ, ಹೊಸ ಖಾತೆ ತಾನಾಗಿಯೇ ತನ್ನದೇ ಎಂಎಕ್ಸ್ ರೆಕಾರ್ಡ್ (ಮೇಲ್ ಎಲ್ಲಿಗೆ ಹೋಗಬೇಕೆಂಬ ಸಾಲು) ಮಾಡಿಕೊಂಡಿತು. ಆ ಕ್ಷಣದಿಂದ ಗ್ರಾಹಕರ ಮೇಲ್ ನಿಂತುಹೋಯಿತು. ಹಳೆಯ ಎಂಎಕ್ಸ್ ಮತ್ತು ಟಿಎಕ್ಸ್‌ಟಿ ಸಾಲುಗಳನ್ನು ಮೊದಲೇ ಹೊಸ ಜಾಗದಲ್ಲಿ ತುಂಬಿರಬೇಕು. ಜೊತೆಗೆ ಸಿಪ್ಯಾನೆಲ್‌ನ ಇಮೇಲ್ ರೂಟಿಂಗ್ ಅನ್ನು ‘ರಿಮೋಟ್’ಗೆ ಬದಲಿಸಿ. ‘ಲೋಕಲ್’ನಲ್ಲೇ ಬಿಟ್ಟರೆ ಹೊರಗಿನ ಮೇಲ್ ಎಲ್ಲ ಸರಿಯಾಗಿ ಬರುತ್ತದೆ, ಅದೇ ಸರ್ವರ್‌ನ ಸೈಟ್ ಫಾರ್ಮ್‌ನಿಂದ ಹೋದ ಪತ್ರ ಮಾತ್ರ ಯಾರೂ ತೆರೆಯದ ಸ್ಥಳೀಯ ಪೆಟ್ಟಿಗೆಗೆ ಬೀಳುತ್ತದೆ. ‘ಎನ್‌ಕ್ವೈರಿ ಬರುತ್ತಿಲ್ಲ’ ಎಂದು ಗ್ರಾಹಕರು ಹೇಳುವುದು ಮೂರು ತಿಂಗಳಾದ ಮೇಲೆ.

ಕನ್ನಡ ಸೈಟ್‌ಗಳಿಗೆ ಇನ್ನಷ್ಟು ಕಾಟ ಇದೆ. ಹಳೆಯ ಸೈಟ್‌ಗಳಲ್ಲಿ ಯೂನಿಕೋಡ್ ಕನ್ನಡವನ್ನೇ ಲ್ಯಾಟಿನ್1 (ಇಂಗ್ಲಿಷ್ ಥರದ ಲಿಪಿಗಳ ಸಂಕೇತ) ಎಂದು ಗುರುತಿಸಿದ ಟೇಬಲ್‌ಗಳಲ್ಲಿ ತುಂಬಿರುತ್ತಾರೆ. ಸುಮ್ಮನೆ ಡಂಪ್ (ಡೇಟಾಬೇಸಿನ ಪ್ರತಿ) ತೆಗೆದು ಹೊಸ ಜಾಗಕ್ಕೆ ಹಾಕಿದರೆ ಅಕ್ಷರದ ಬದಲು ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ. ಡಂಪ್ ತೆಗೆಯುವಾಗ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1 ಎಂದೇ ಕೊಟ್ಟು, ಆ ಫೈಲಿನೊಳಗೆ ಅದನ್ನು ಯುಟಿಎಫ್8ಎಂಬಿ4 ಎಂದು ಬದಲಿಸಿ ಸೇರಿಸಿದರೆ ಸರಿಹೋಗುತ್ತದೆ. ಮೊದಲು ಪ್ರತಿಯ ಮೇಲೆ ಮಾಡಿ ನೋಡಿ. ನುಡಿ, ಬರಹದ ಹಳೆಯ ಫಾಂಟ್ ಸಂಕೇತದಲ್ಲಿ ಬರೆದ ಪುಟಗಳಿಗೆ ಈ ಮದ್ದು ನಾಟುವುದಿಲ್ಲ, ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ತರಬೇಕು. ಅದು ಹೋಸ್ಟಿಂಗ್ ಅಲ್ಲ, ಬೇರೆ ಬಿಲ್. ಇನ್ನು ವರ್ಡ್‌ಪ್ರೆಸ್‌ನಲ್ಲಿ ಕನ್ನಡ ಶೀರ್ಷಿಕೆಯಿಂದ ಹುಟ್ಟುವ ವಿಳಾಸ ಅರ್ಧಕ್ಕೇ ತುಂಡಾಗುವುದು ಸರ್ವರ್ ದೋಷವಲ್ಲ. ಕನ್ನಡದ ಒಂದೊಂದು ಸಂಕೇತವೂ ವಿಳಾಸದಲ್ಲಿ ಒಂಬತ್ತು ಅಕ್ಷರ ತಿನ್ನುತ್ತದೆ, ಡೇಟಾಬೇಸಿನಲ್ಲಿ ವಿಳಾಸದ ಕಾಲಂಗೆ ಇರುವ ಜಾಗ 200 ಅಕ್ಷರ. ಸುಮಾರು 22 ಸಂಕೇತಕ್ಕೆ ಮುಗಿಯಿತು. ಒತ್ತಕ್ಷರ, ಕಾಗುಣಿತ ಎಲ್ಲ ಬೇರೆ ಬೇರೆ ಎಣಿಕೆ. ವಿಳಾಸವನ್ನು ಚಿಕ್ಕದಾಗಿ ಕೈಯಾರೆ ಬರೆಯಲು ಹೇಳಿಕೊಡಿ.

ಹಂತ 4: ಮೇಲ್ ಎಂಬ ತಲೆನೋವು

ನಮ್ಮ ಸಲಹೆ ನೇರವಾಗಿದೆ: ಸಾಧ್ಯವಾದಷ್ಟೂ ಗ್ರಾಹಕರ ಮೇಲನ್ನು ಮೇಲ್ ಕಂಪನಿಗಳಿಗೇ ಬಿಡಿ. ಸಪೋರ್ಟ್ ಕರೆಗಳಲ್ಲಿ ದೊಡ್ಡ ಪಾಲು ಮೇಲ್‌ನದ್ದೇ. ಒಬ್ಬ ಗ್ರಾಹಕರ ಕಾಂಟ್ಯಾಕ್ಟ್ ಫಾರ್ಮ್ ಹ್ಯಾಕ್ ಆಗಿ ರಾತ್ರಿಯಿಡೀ ಸ್ಪ್ಯಾಮ್ ಹೋದರೆ, ಬೆಳಗ್ಗೆ ನಿಮ್ಮ ಐಪಿ ಬ್ಲಾಕ್‌ಲಿಸ್ಟ್‌ನಲ್ಲಿರುತ್ತದೆ, ಉಳಿದ ಮೂವತ್ತೊಂಬತ್ತು ಗ್ರಾಹಕರ ಮೇಲ್ ಕೂಡ ಜೊತೆಗೇ ನಿಲ್ಲುತ್ತದೆ.

ಇಟ್ಟುಕೊಳ್ಳಲೇಬೇಕಾದರೆ ಒಂದು ಡೊಮೇನ್‌ಗೆ ಗಂಟೆಗೆ 100 ಮೇಲ್ ಮಿತಿ ಹಾಕಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲ್ ಅಸಲಿ ಎಂದು ತೋರಿಸುವ ಡಿಎನ್ಎಸ್ ಸಾಲುಗಳು) ಮೂರೂ ಇರಲಿ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಒಂದು ಡೊಮೇನ್‌ಗೆ ಎಸ್‌ಪಿಎಫ್ ಸಾಲು ಒಂದೇ ಇರಬೇಕು. ನಿಮ್ಮದೊಂದು, ಗೂಗಲ್‌ನದೊಂದು ಎಂದು ಎರಡು ಬರೆದರೆ ಎರಡೂ ಕೆಲಸಕ್ಕೆ ಬಾರವು. ಒಂದರಲ್ಲೇ ಸೇರಿಸಿ, ಒಳಗಿನ ಡಿಎನ್ಎಸ್ ಹುಡುಕಾಟ ಹತ್ತು ಮೀರದಂತೆ ನೋಡಿ. ಸ್ವಂತ ವಿಪಿಎಸ್ ಕೊಳ್ಳುವ ಮುಂಚೆ ಪೋರ್ಟ್ 25 (ಮೇಲ್ ಹೊರಹೋಗುವ ಬಾಗಿಲು) ತೆರೆದಿದೆಯೇ, ಪಿಟಿಆರ್ ರೆಕಾರ್ಡ್ (ಐಪಿ ಯಾವ ಹೆಸರಿನದೆಂದು ಹೇಳುವ ಸಾಲು) ಬರೆಯಲು ಬಿಡುತ್ತಾರೆಯೇ ಎಂದು ಕೇಳಿ. ಹಲವು ಕ್ಲೌಡ್ ಕಂಪನಿಗಳು ಪೋರ್ಟ್ 25 ಮುಚ್ಚಿಯೇ ಕೊಡುತ್ತವೆ.

ಹಂತ 5: ಸ್ವಂತ ಸರ್ವರ್‌ಗೆ ಏರುವುದು

ಗ್ರಾಹಕರು ಇಪ್ಪತ್ತೈದು ದಾಟಿದ ಮೇಲೆ ಇದರ ಮಾತು. ಸಿಪ್ಯಾನೆಲ್ 2019ರಲ್ಲಿ ಖಾತೆಗಳ ಎಣಿಕೆಯ ಮೇಲೆ ಬೆಲೆ ಹಾಕತೊಡಗಿದ ಮೇಲೆ ಬಹಳ ಸಣ್ಣ ಹೋಸ್ಟ್‌ಗಳು ಡೈರೆಕ್ಟ್‌ಅಡ್ಮಿನ್‌ನಂಥ ಪ್ಯಾನೆಲ್‌ಗಳತ್ತ ಹೋದವು. ಹೆಸ್ಟಿಯಾ, ವರ್ಚುವಲ್‌ಮಿನ್ ಉಚಿತವಾಗಿಯೇ ಸಿಗುತ್ತವೆ. ಉಚಿತ ಪ್ಯಾನೆಲ್ ಕೆಟ್ಟರೆ ಸರಿಮಾಡುವವರು ನೀವೇ ಎಂಬುದು ಅದರ ಬೆಲೆ. ಸೆಂಟ್‌ಓಎಸ್ 7 ಎಂಬ ಆಪರೇಟಿಂಗ್ ಸಿಸ್ಟಂನ ಕಾಲ 2024ರ ಜೂನ್ 30ಕ್ಕೆ ಮುಗಿದಿದೆ. ಈಗ ಆಲ್ಮಾಲಿನಕ್ಸ್ ಅಥವಾ ಉಬುಂಟು ಎಲ್‌ಟಿಎಸ್ ಹಾಕಿ.

8 ಜಿಬಿ ರ‍್ಯಾಮ್ ಎಂದರೆ ಎಷ್ಟು? ಸಿಸ್ಟಂ ಮತ್ತು ಪ್ಯಾನೆಲ್‌ಗೆ 1.5 ಜಿಬಿ, ಮರಿಯಾಡಿಬಿ ಡೇಟಾಬೇಸಿಗೆ 2, ವೈರಸ್ ಸ್ಕ್ಯಾನರ್ ಸಹಿತ ಮೇಲ್‌ಗೆ 1.2, ಫೈಲ್ ಕ್ಯಾಶ್‌ಗೆ ಅರ್ಧ. ಉಳಿದದ್ದು 2.8 ಜಿಬಿ. ಪುಟ ಕಟ್ಟಿಕೊಡುವ ಒಂದು ಪಿಎಚ್‌ಪಿ ಪ್ರೊಸೆಸ್‌ಗೆ 80 ಎಂಬಿ ಹಿಡಿದರೆ ಏಕಕಾಲಕ್ಕೆ 35. ಕ್ಯಾಶಿಂಗ್ (ಪುಟಗಳನ್ನು ಸಿದ್ಧವಾಗಿ ಇಟ್ಟುಕೊಳ್ಳುವುದು) ಇರುವ ನಲವತ್ತು ಸಣ್ಣ ಸೈಟ್‌ಗೆ ಧಾರಾಳ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಕೋಚಿಂಗ್ ಸೆಂಟರ್ ಸೈಟ್ ಒಂದೇ ಎಲ್ಲವನ್ನೂ ನುಂಗಬಲ್ಲದು. ಅದಕ್ಕೇ ಖಾತೆಗೊಂದು ಬೇಲಿ ಬೇಕು. ಇಂಥ ಬೇಲಿ ಹಾಕುವ ಕ್ಲೌಡ್‌ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಸಾಮಾನ್ಯವಾಗಿ ಒಂದು ಕೋರ್, 1 ಜಿಬಿ ಮೆಮೊರಿ, 20 ಎಂಟ್ರಿ ಪ್ರೊಸೆಸ್‌ನಿಂದ ಶುರು ಮಾಡುತ್ತಾರೆ. ಅದರ ಮೂಲ ಡಿಸ್ಕ್ ವೇಗದ ಮಿತಿ ಸೆಕೆಂಡಿಗೆ 1 ಎಂಬಿ. ವರ್ಡ್‌ಪ್ರೆಸ್‌ಗೆ ಅದು ಉಸಿರುಕಟ್ಟಿಸುತ್ತದೆ, 4ರಿಂದ 10 ಎಂಬಿಗೆ ಏರಿಸಿ. ಬಹಳ ‘ನಿಧಾನ’ ದೂರುಗಳ ಮೂಲ ಈ ಒಂದು ಅಂಕಿ.

ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಎಸ್‌ಎಸ್‌ಎಲ್ (ಸೈಟ್ ಸಂಪರ್ಕವನ್ನು ಗುಪ್ತವಾಗಿಡುವ) ಪ್ರಮಾಣಪತ್ರ ತಾನಾಗಿಯೇ ನವೀಕರಣವಾಗುವಂತೆ ಇಡಿ. ಕೈಯಿಂದ ಹಾಕುವ ಕಾಲ ಮುಗಿಯುತ್ತಿದೆ, 2029ರ ಮಾರ್ಚ್‌ನಿಂದ ಯಾವ ಪ್ರಮಾಣಪತ್ರವೂ 47 ದಿನಕ್ಕಿಂತ ಹೆಚ್ಚು ನಡೆಯುವುದಿಲ್ಲ ಎಂದು ತೀರ್ಮಾನವಾಗಿದೆ. ನವೀಕರಣ ತಪ್ಪಲು ಮಾಮೂಲಿ ಕಾರಣ, ಡೊಮೇನ್ ಬೇರೆ ಐಪಿಗೆ ತಿರುಗಿರುವುದು.

ಬ್ಯಾಕಪ್

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪ್ ಕೂಡ ಅದೇ ಆವರಣದಲ್ಲಿದ್ದವರು ಎರಡನ್ನೂ ಕಳೆದುಕೊಂಡರು. ಸರ್ವರ್ ಮುಂಬೈಯಲ್ಲಿದ್ದರೆ ಬ್ಯಾಕಪ್ ಬೇರೆ ಊರಿನಲ್ಲಿ, ಬೇರೆ ಕಂಪನಿಯಲ್ಲಿ ಇರಲಿ. ಏಳು ದಿನದ ದೈನಂದಿನ ಪ್ರತಿ, ನಾಲ್ಕು ವಾರದ ಪ್ರತಿ, ಮೂರು ತಿಂಗಳ ಪ್ರತಿ ಇಡಿ. ಹ್ಯಾಕ್ ಆದದ್ದು ಗೊತ್ತಾಗಲು ಎಷ್ಟೋ ಸಲ ತಿಂಗಳೇ ಹಿಡಿಯುವುದರಿಂದ ಏಳು ದಿನದ್ದಷ್ಟೇ ಸಾಲದು. ಬ್ಯಾಕಪ್ ಜಾಗದ ಅಳಿಸುವ ಅಧಿಕಾರ ಸರ್ವರ್‌ಗೆ ಇರಬಾರದು. ಒಳಗೆ ನುಗ್ಗಿದವನು ಮೊದಲು ಅಳಿಸುವುದೇ ಅದನ್ನು. ತಿಂಗಳಿಗೊಮ್ಮೆ ಯಾವುದಾದರೂ ಒಂದು ಖಾತೆಯನ್ನು ಬೇರೆ ಜಾಗದಲ್ಲಿ ಮರಳಿ ಎಬ್ಬಿಸಿ ನೋಡಿ. ಫೈಲ್ ಬಂದು ಡೇಟಾಬೇಸ್ ಬಾರದಿದ್ದರೆ ಆಗಲೇ ಗೊತ್ತಾಗಲಿ.

ತೆರಿಗೆ, ಕಾಯಿದೆ, ವಸೂಲಿ

ಹೋಸ್ಟಿಂಗ್‌ಗೆ ಜಿಎಸ್‌ಟಿ ಶೇ 18, ಸೇವೆಯ ಕೋಡ್ 998315. ಸೇವೆ ಮಾರುವವರಿಗೆ ವರ್ಷದ ವಹಿವಾಟು ₹20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ವಿದೇಶಿ ಕಂಪನಿಯಿಂದ ಸರ್ವರ್ ಬಾಡಿಗೆಗೆ ಪಡೆದರೆ ರಿವರ್ಸ್ ಚಾರ್ಜ್ (ಕೊಂಡವರೇ ತೆರಿಗೆ ಕಟ್ಟುವುದು) ಪ್ರಶ್ನೆ ಬರುತ್ತದೆ, ವಹಿವಾಟು ಚಿಕ್ಕದಿದ್ದರೂ ಲೆಕ್ಕಿಗರನ್ನು ಕೇಳಿಯೇ ಮುಂದುವರಿಯಿರಿ.

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಸಣ್ಣವರಿಗೂ ತಾಗುತ್ತದೆ: ಪಟ್ಟಿಯಲ್ಲಿರುವ ಬಗೆಯ ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ, ಲಾಗ್‌ಗಳನ್ನು 180 ದಿನ ಇಡುವುದು, ಸರ್ವರ್ ಗಡಿಯಾರವನ್ನು ನಿಗದಿತ ಎನ್‌ಟಿಪಿ (ಸಮಯ ಹೇಳುವ) ಸರ್ವರ್‌ಗೆ ಹೊಂದಿಸುವುದು. ವಿಪಿಎಸ್, ಕ್ಲೌಡ್ ಸೇವೆ ಮಾರುವವರು ಗ್ರಾಹಕರ ಖಚಿತ ವಿವರಗಳನ್ನು ಅವರು ಬಿಟ್ಟುಹೋದ ಮೇಲೂ 5 ವರ್ಷ ಇಡಬೇಕು. ಪ್ಯಾನೆಲ್‌ಗಳ ಮೂಲ ಸೆಟ್ಟಿಂಗ್‌ನಲ್ಲಿ ಲಾಗ್ ಇಷ್ಟು ದಿನ ಉಳಿಯುವುದಿಲ್ಲ, ಬದಲಿಸಿಕೊಳ್ಳಿ.

ತಿಂಗಳ ಬಿಲ್ ಬೇಡ, ವರ್ಷಕ್ಕೊಮ್ಮೆ ಮುಂಗಡ ತೆಗೆದುಕೊಳ್ಳಿ. ಸಂಘ ಸಂಸ್ಥೆಗಳಿಗೆ ಸಮಿತಿಯ ಒಪ್ಪಿಗೆ, ಚೆಕ್ಕಿಗೆ ಎರಡು ಸಹಿ ಬೇಕಿರುವುದರಿಂದ ಪ್ರೊಫಾರ್ಮಾ ಇನ್‌ವಾಯ್ಸ್ (ಮುಂಗಡ ಬಿಲ್) 60 ದಿನ ಮುಂಚೆಯೇ ಹೋಗಲಿ. ಹಣ ಬಾರದಿದ್ದರೆ ಏಳನೇ ದಿನ ಸೈಟ್ ಸಸ್ಪೆಂಡ್, ಮೂವತ್ತನೇ ದಿನ ಬ್ಯಾಕಪ್ ತೆಗೆದಿಟ್ಟು ಖಾತೆ ಅಳಿಸುವುದು ಎಂಬ ನಿಯಮವನ್ನು ಮುಂಚೆಯೇ ತಿಳಿಸಿ, ಎಲ್ಲರಿಗೂ ಒಂದೇ ಥರ ಪಾಲಿಸಿ. ಪರಿಚಯದವರು ಎಂದು ಒಬ್ಬರಿಗೆ ಬಿಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ.

ನೀವಿಲ್ಲದ ದಿನಕ್ಕೆ

ಒಬ್ಬರೇ ನಡೆಸುವ ಹೋಸ್ಟಿಂಗ್‌ಗೆ ಆಸ್ಪತ್ರೆ ಸೇರುವ ಹಕ್ಕೂ ಇಲ್ಲ ಎಂಬಂತಾಗಬಾರದು. ಇದೇ ಕೆಲಸ ಮಾಡುವ ಇನ್ನೊಬ್ಬರೊಡನೆ ಪರಸ್ಪರ ಒಪ್ಪಂದ ಮಾಡಿಕೊಳ್ಳಿ. ಪಾಸ್‌ವರ್ಡ್ ಮ್ಯಾನೇಜರ್‌ನ ತುರ್ತು ಪ್ರವೇಶ ಅವರಿಗಿರಲಿ. ಎರಡನೇ ಹಂತದ ಲಾಗಿನ್ ಕೋಡ್ ನಿಮ್ಮ ಒಂದೇ ಫೋನಿನಲ್ಲಿದ್ದರೆ ಆ ಪಾಸ್‌ವರ್ಡ್‌ನಿಂದಲೂ ಪ್ರಯೋಜನವಿಲ್ಲ, ರಿಕವರಿ ಕೋಡ್‌ಗಳನ್ನು ಮುದ್ರಿಸಿ ಮನೆಯ ಕಾಗದಪತ್ರಗಳ ಜೊತೆ ಇಡಿ. ವ್ಯವಹಾರ ನಿಲ್ಲಿಸುವುದಾದರೆ ಗ್ರಾಹಕರಿಗೆ 60 ದಿನದ ನೋಟಿಸ್, ಪೂರ್ಣ ಬ್ಯಾಕಪ್, ಡೊಮೇನ್ ವರ್ಗಾವಣೆಯ ಕೋಡ್ ಮತ್ತು ಉಳಿದ ತಿಂಗಳುಗಳ ಹಣ ಕೊಡಬೇಕು. ಈ ಹಣ ಕೈಯಲ್ಲಿರಬೇಕಾದರೆ ವರ್ಷದ ಮುಂಗಡವನ್ನು ಬಂದ ದಿನವೇ ಖರ್ಚು ಮಾಡದೆ ಬೇರೆ ಖಾತೆಯಲ್ಲಿಟ್ಟು, ತಿಂಗಳಿಗೆ ಹನ್ನೆರಡರಲ್ಲಿ ಒಂದು ಪಾಲನ್ನಷ್ಟೇ ತೆಗೆಯುತ್ತಿರಿ.